ಮದುಮಗನ ಸ್ಯಾಂಪಲ್ಲು

ದೊಡ್ಡಬಳ್ಳಾಪುರದಲ್ಲಿ ಲ್ಯಾಬ್ ಇಟ್ಟುಕೊಂಡವನಿಗೆ ಮುಖ ಬಿಗಿದುಕೊಂಡಿರುವುದು ವೃತ್ತಿಧರ್ಮ. ಜನ ಬಾಟಲಿ ಹಿಡಿದು ಬರುತ್ತಾರೆ, ನಗು ಬರಿಸಿ ಹೋಗುತ್ತಾರೆ, ನಾವು ನಗುವಂತಿಲ್ಲ. ಒಬ್ಬ ಮದುಮಗನ ಕೇಸಿನಲ್ಲಂತೂ ವಾರವಿಡೀ ತುಟಿ ಕಚ್ಚಿಕೊಂಡೇ ಕೆಲಸ ಮಾಡಿದೆ.

ರೇಷ್ಮೆ ಎಳೆ

ಮದುವೆ ಫೋಟೊದಲ್ಲಿ ತೋಳು ದಪ್ಪ ಕಾಣಲಿ ಎಂದು ಹುಡುಗ ಜಿಮ್ಮಿಗೆ ಸೇರಿದ. ತಿಂಗಳುಗಟ್ಟಲೆ ಎತ್ತಬೇಕಾದ ಭಾರವನ್ನೆಲ್ಲ ಮೊದಲ ದಿನವೇ ಎತ್ತಿದ. ಮರುದಿನ ಬಾಚಣಿಗೆ ಎತ್ತಲೂ ಆಗಲಿಲ್ಲ. ಮೂತ್ರ ಬೇರೆ ಕಪ್ಪಾಗಿತ್ತು. "ಯಾವ ಬಣ್ಣ?" ಎಂದು ಡಾಕ್ಟರು ಕೇಳಿದ್ದರಂತೆ. ಹುಡುಗನ ಅಪ್ಪ ಮಗ್ಗದ ಮಾಲೀಕ. ಬಣ್ಣವನ್ನು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ. ನನ್ನ ಮೇಜಿನ ಮೇಲೆ ರೇಷ್ಮೆ ಎಳೆಗಳನ್ನು ಹರಡಿ, ಒಂದೊಂದನ್ನೇ ಸ್ಯಾಂಪಲ್ಲಿನ ಪಕ್ಕ ಹಿಡಿದರು.

"ಇದು ಮೆರೂನ್ ಅಲ್ಲ ಸಾರ್. ಕಾಫಿ ಡಿಕಾಕ್ಷನ್‌ಗೆ ಒಂಚೂರು ಕೆಂಪು ಬಿದ್ದಿದೆ. ನೋಡಿ, ಈ ಎಳೆ. ಕರೆಕ್ಟಾಗಿ ಮ್ಯಾಚು."

ನಾನೂ ಬಗ್ಗಿ ನೋಡಿದೆ. ಮ್ಯಾಚು ಕರೆಕ್ಟಾಗೇ ಇತ್ತು.

ಇದ್ದ ಬಾಡಿ

ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ಬಣ್ಣ ಬದಲಿಸಿ, ರಕ್ತ ಇದೆ ಎಂದಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣವೇ ಇಲ್ಲ. ಹೀಗಾದಾಗ ಅನುಮಾನ ಸ್ನಾಯುವಿನ ಮೇಲೆ. ಅತಿಯಾಗಿ ದಣಿದ ಸ್ನಾಯು ಒಡೆದು, ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ಮೂತ್ರಕ್ಕೆ ಇಳಿಯುತ್ತದೆ. ಖಚಿತವಾಗಬೇಕಾದರೆ ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕು. ಡಾಕ್ಟರು ಅದಕ್ಕೆ ಕಾಯಲಿಲ್ಲ. "ಕಿಡ್ನಿಗೆ ಪೆಟ್ಟಾಗಬಹುದು, ಈಗಲೇ ಅಡ್ಮಿಟ್ ಮಾಡಿ" ಅಂದರು.

ತಾಯಿ ಮಗನ ತೋಳು ಮುಟ್ಟಿ ನೋಡಿದರು. "ಲೇ, ಬಾಡಿ ಬರ್ಲಿ ಅಂತ ಹೋದೆ. ಇದ್ದಿದ್ದನ್ನೂ ಬಾತ್‌ರೂಮಲ್ಲಿ ಬಿಟ್ಟು ಬಂದ್ಯಲ್ಲೋ!"

ಹುಡುಗಿಯ ಸೋದರಮಾವ

ಸಲೈನ್ ಏರಿತು. ಮದುವೆ ಮುಂದಿನ ವಾರ. ಹೆಣ್ಣಿನ ಕಡೆಯವರಿಗೆ ಗೊತ್ತಾದರೆ ಎಲ್ಲ ನಿಂತುಹೋಗುತ್ತದೆಂದು ಅಪ್ಪನಿಗೆ ಭಯ. ಮಾರನೇ ದಿನ ಹೊಸ ಸ್ಯಾಂಪಲ್ ತಂದು, ಪಕ್ಕದಲ್ಲಿ ಎಳೆ ಹಿಡಿದು ನೋಡುತ್ತಿದ್ದರು. ಆಗಲೇ ಸಕ್ಕರೆ ಪರೀಕ್ಷೆಗೆಂದು ಹುಡುಗಿಯ ಸೋದರಮಾವ ಒಳಗೆ ಬಂದರು.

"ಏನ್ ಬೀಗ್ರೇ, ಇಲ್ಲಿ?"

ಅಪ್ಪ ಬಾಟಲಿಯ ಮೇಲೆ ಟವೆಲ್ ಎಳೆದರು. "ಆರತಕ್ಷತೆ ಸೀರೆಗೆ ಬಣ್ಣ ನೋಡ್ತಿದ್ದೆ. ಈ ಸಾರ್‌ಗೆ ಬಣ್ಣ ಚೆನ್ನಾಗಿ ಗೊತ್ತಾಗುತ್ತೆ."

ಸೋದರಮಾವ ಮೊದಲ ದಿನದ ಎಳೆಯನ್ನೇ ಎತ್ತಿ ಬೆಳಕಿಗೆ ಹಿಡಿದರು. "ಇದೇ ಇರ್ಲಿ! ನಮ್ಮ ಹುಡುಗಿಗೆ ಒಪ್ಪುತ್ತೆ. ಇವತ್ತೇ ಮಗ್ಗಕ್ಕೆ ಹಾಕ್ಸಿ."

ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತೆ. ಅದರಲ್ಲಿ ಸ್ಲೈಡ್ ಇರಲಿಲ್ಲ.

ಬಣ್ಣ ಗಟ್ಟಿನಾ?

ಮಯೋಗ್ಲೋಬಿನ್ ಇದೆಯೆಂದೇ ಬೆಂಗಳೂರಿನಿಂದ ವರದಿ ಬಂತು. ಅಷ್ಟರಲ್ಲಿ ಸಲೈನ್ ಏರಿದಂತೆಲ್ಲ ಮೂತ್ರ ತಿಳಿಯಾಗಿ, ಅಪ್ಪ ಮ್ಯಾಚು ಮಾಡುವ ಎಳೆಗಳು ಜೇನುತುಪ್ಪದ ಬಣ್ಣಕ್ಕೆ, ಆಮೇಲೆ ತಿಳಿ ನಿಂಬೆ ಬಣ್ಣಕ್ಕೆ ಇಳಿದಿದ್ದವು. ಕಿಡ್ನಿಯೂ ಉಳಿಯಿತು, ಮುಹೂರ್ತವೂ ಉಳಿಯಿತು.

ಆರತಕ್ಷತೆಯಲ್ಲಿ ಹುಡುಗಿ ಡಿಕಾಕ್ಷನ್ ಬಣ್ಣದ ಸೀರೆ ಉಟ್ಟು ನಿಂತಿದ್ದಳು. ನಿಜಕ್ಕೂ ಒಪ್ಪಿತ್ತು. ನನ್ನ ಹೆಂಡತಿ ಸೆರಗು ಮುಟ್ಟಿ ಮುಟ್ಟಿ ನೋಡಿ, ಪಕ್ಕದಲ್ಲಿದ್ದ ಹುಡುಗನ ಅಪ್ಪನನ್ನು ಕೇಳಿದಳು: "ಇಂಥ ಬಣ್ಣ ನಾನೆಲ್ಲೂ ನೋಡಿಲ್ಲ. ನನಗೂ ಒಂದು ನೇಯ್ಸಿಕೊಡಿ. ಬಣ್ಣ ಗಟ್ಟಿ ತಾನೇ? ಹೋಗಲ್ವಲ್ಲ?"

ಅಪ್ಪ ನನ್ನ ಮುಖ ನೋಡಿದರು. ನಾನು ಮದುಮಗನ ಮುಖ ನೋಡಿದೆ. ಮದುಮಗ ಚಾವಣಿ ನೋಡಿದ.

ಉತ್ತರ ಕೊಟ್ಟವಳು ಮದುಮಗಳು.

"ಗಟ್ಟಿ, ಆಂಟಿ. ಸಲೈನ್ ಹಾಕಿದ್ರೆ ಮಾತ್ರ ಹೋಗುತ್ತೆ."