ಬ್ಯಾಕ್ಟೀರಿಯಾ ಕೊಟ್ಟ ಆರೋಗ್ಯ ಪ್ರಮಾಣಪತ್ರ

ಇಂದ:
ಕಿರಿಯ ತಂತ್ರಜ್ಞೆ,
ಎರಡನೆಯ ಮೇಜು (ಕಿಟಕಿ ಮುಚ್ಚಿಕೊಳ್ಳದ ಕಡೆ),
ಮಣ್ಣು ಪರೀಕ್ಷಾ ಪ್ರಯೋಗಾಲಯ.

ಗೆ:
ಮಾನ್ಯ ನಿರ್ದೇಶಕರು,
ಅದೇ ಪ್ರಯೋಗಾಲಯ, ತಂಪು ಕೊಠಡಿ.

ವಿಷಯ: ಬ್ಯಾಕ್ಟೀರಿಯಾ ಬದುಕಿರುವುದರಿಂದ ಮಕ್ಕಳಿಗೂ ತೊಂದರೆಯಿಲ್ಲ ಎಂಬ ವರದಿಯನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: ೧. ಹಳೆಯ ಲೋಹಲೇಪನ ಕಾರ್ಖಾನೆಯ ಹಿತ್ತಲಿನ ಮಣ್ಣಿನ ವರದಿ.
೨. ತಮ್ಮ ಮೌಖಿಕ ಆದೇಶ, ಮಂಗಳವಾರ, ಬಿಸ್ಕತ್ತು ತಿನ್ನುತ್ತಾ ನೀಡಿದ್ದು.

ಮಾನ್ಯರೇ,

ಸದರಿ ಅರ್ಜಿದಾರಳು ಕೈಮುಗಿದು, ಆದರೆ ಹಲ್ಲು ಕಚ್ಚಿಕೊಂಡು, ನಿವೇದಿಸಿಕೊಳ್ಳುವುದೇನೆಂದರೆ:

೧. ಸದರಿ ಹಿತ್ತಲಿನಲ್ಲಿ ಕಾರ್ಖಾನೆಯವರು ಇಪ್ಪತ್ತು ವರ್ಷ ಕ್ರೋಮಿಯಂ ಎಂಬ ವಿಷಲೋಹ ತೊಳೆದ ನೀರು ಚೆಲ್ಲಿದ್ದಾರೆ. ಈಗ ಅಲ್ಲಿ ಜಾರುಬಂಡೆ, ಜೋಕಾಲಿ ನಿಲ್ಲಿಸಿದ್ದು, ಸೋಮವಾರದಿಂದ ಪಕ್ಕದ ಶಿಶುವಿಹಾರದ ಮಕ್ಕಳನ್ನು ಆಡಲು ಬಿಡಲಿದ್ದಾರೆ. ಮಣ್ಣು ಸರಿಯಿದೆಯೇ ಎಂದು ಹೇಳುವುದು ನಮ್ಮ ಕೆಲಸ. ಲೋಹ ಅಳೆಯುವ ಯಂತ್ರ ಕೆಟ್ಟು ಎರಡು ವರ್ಷವಾದ ಕಾರಣ, ಬ್ಯಾಕ್ಟೀರಿಯಾ ಎಣಿಸಿ ತೀರ್ಮಾನಿಸಿ ಎಂದು ತಾವು ಅಪ್ಪಣೆ ಕೊಡಿಸಿದಿರಿ.

೨. ಅರ್ಜಿದಾರಳು ಎಣಿಸಿದಳು. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ನೂರೆಂಬತ್ತು ಚುಕ್ಕೆ ಬಂದವು. ಒಳ್ಳೆಯ ತೋಟದ ಮಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ತೋಟದ ತಟ್ಟೆಯಲ್ಲಿ ಬಿಳಿ, ಹಳದಿ, ಗುಲಾಬಿ, ಸುಕ್ಕುಗಟ್ಟಿದ್ದು, ನುಣುಪಾದದ್ದು ಎಂದು ಮೂವತ್ತು ಬಗೆ. ಹಿತ್ತಲಿನ ತಟ್ಟೆಯಲ್ಲಿ ನೂರೆಂಬತ್ತೂ ಒಂದೇ ಅಚ್ಚಿನ ಲೋಳೆ ಚುಕ್ಕೆಗಳು. ಇದನ್ನು ತೋರಿಸಿದಾಗ ತಾವು ತಟ್ಟೆ ನೋಡದೆ ವರದಿಯ ನಮೂನೆ ನೋಡಿದಿರಿ.

"ಸಂಖ್ಯೆ ಅಂತ ಕಾಲಮ್ ಇದೆ. ಬಗೆ ಅಂತ ಎಲ್ಲಿದೆಯಮ್ಮ? ಇಲ್ಲದ ಕಾಲಮ್ ಎಲ್ಲಿಂದ ತರ್ಲಿ?"

"ಸಾರ್, ಬೇರೆಯವೆಲ್ಲ ಸತ್ತುಹೋಗಿವೆ."

"ಸತ್ತಿದ್ದು ಲೆಕ್ಕಕ್ಕೆ ಬರಲ್ಲ. ಸಹಿ ಹಾಕಿ."

ಅರ್ಜಿದಾರಳು ಹಾಕಿದಳು. ಥೂ, ಆ ಕೈಗೆ ಏನು ಬಂದಿತ್ತೋ!

೩. ತಮಗೆ ಬ್ಯಾಕ್ಟೀರಿಯಾದ ಪರಿಚಯ ಕಡಿಮೆಯಿರುವ ಕಾರಣ ತಿಳಿಸುವುದೇನೆಂದರೆ, ವಿಷ ಬಿದ್ದಾಗ ಅವು ಕೈಕಟ್ಟಿ ಕೂರುವುದಿಲ್ಲ. ಕೆಲವು ಗಟ್ಟಿ ಚಿಪ್ಪು ಕಟ್ಟಿಕೊಂಡು ವರ್ಷಗಟ್ಟಲೆ ನಿದ್ದೆ ಹೋಗುತ್ತವೆ. ಪಾಪ, ಅದಕ್ಕೆ ಅವು ಸಂಬಳ ಕೇಳುವುದಿಲ್ಲ. ಕೆಲವು ಒಳನುಗ್ಗಿದ ವಿಷವನ್ನು ಹೊರಕ್ಕೆ ದಬ್ಬುತ್ತವೆ. ಕೆಲವು ಲೋಳೆ ಸುರಿಸಿ ಒಂದಕ್ಕೊಂದು ಅಂಟಿಕೊಂಡು ಅದರ ಮರೆಯಲ್ಲಿ ಕೂರುತ್ತವೆ. ತಪ್ಪಿಸಿಕೊಳ್ಳುವ ವಿದ್ಯೆ ಒಂದಕ್ಕೆ ಸಿಕ್ಕರೆ ಅದನ್ನು ಪಕ್ಕದ್ದಕ್ಕೂ ದಾಟಿಸುತ್ತದೆ. ಆದ್ದರಿಂದ ನಮ್ಮ ತಟ್ಟೆಯಲ್ಲಿ ಬೆಳೆದದ್ದು ವಿಷಕ್ಕೆ ಪಳಗಿದ ಒಂದೇ ವಂಶ. ಅದು ಹಾಗೆ ಬೆಳೆದಿರುವುದೇ ಮಣ್ಣು ಕೆಟ್ಟಿರುವುದಕ್ಕೆ ಗುರುತು.

೪. ಬುಧವಾರ ಅರ್ಜಿದಾರಳ ಅತ್ತೆ, ಮೊಮ್ಮಗಳು ಆಡಲಿರುವ ಜಾಗ ನೋಡಿಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು.

"ಮಣ್ಣು ಕೆದಕಿದ್ರೆ ಒಂದೇ ಒಂದು ಎರೆಹುಳ ಸಿಗ್ಲಿಲ್ಲ ಕಣೇ. ಚೆನ್ನಾಗಿದೆ ಅಂತ ನೀನೇ ಬರ್ಕೊಟ್ಟಿದ್ದೀಯಂತೆ, ಹೌದಾ?"

ಎಂಟನೆಯ ತರಗತಿ ದಾಟದ ಹೆಂಗಸಿಗೆ ಹೊಳೆದದ್ದು ಮೂರು ಪದವಿಯ ತಮಗೆ ಹೊಳೆಯಲಿಲ್ಲ. ಅರ್ಜಿದಾರಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

೫. ಗುರುವಾರ ಅರ್ಜಿದಾರಳು ಮತ್ತೆ ತಮ್ಮ ಬಾಗಿಲು ತಟ್ಟಿದಳು. ತಾವು ನಕ್ಕಿರಿ.

"ಬ್ಯಾಕ್ಟೀರಿಯಾನೇ ಹೊಂದ್ಕೊಂಡಿದೆ. ಮಕ್ಕಳು ಹೊಂದ್ಕೊಳ್ಳಲ್ವಾ? ಸುಮ್ನೆ ತಲೆ ತಿನ್ಬೇಡಿ."

ಅವು ಹೊಂದಿಕೊಂಡದ್ದು ಹೇಗೆಂದು ಅರ್ಜಿದಾರಳು ದಾಖಲೆಗಾಗಿ ಹೇಳುತ್ತಾಳೆ. ಹತ್ತು ಲಕ್ಷದಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಉಳಿದ ಒಂದೆರಡು, ಒಂದು ಎರಡಾಗಿ, ಎರಡು ನಾಲ್ಕಾಗಿ ಹಿತ್ತಲು ತುಂಬಿದವು. ಅರ್ಜಿದಾರಳಿಗೆ ಇರುವುದು ಒಬ್ಬಳೇ ಮಗಳು. ನಾಲ್ಕು ವರ್ಷ. ಆಡುತ್ತಾ ಬೆರಳು ಚೀಪುವ ಅಭ್ಯಾಸವಿದೆ.

ಆದ್ದರಿಂದ, ಸದರಿ ವರದಿಯನ್ನು ಇಂದೇ ರದ್ದುಪಡಿಸಿ, ಮಣ್ಣನ್ನು ಲೋಹ ಅಳೆಯುವ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕಾಗಿ ಅರ್ಜಿದಾರಳು ಕೋರುತ್ತಾಳೆ. ತಪ್ಪಿದಲ್ಲಿ ಅರ್ಜಿದಾರಳ ಸಹಿ ಹೊಡೆದುಹಾಕಿ, ಆ ಜಾಗದಲ್ಲಿ ತಾವೇ ದುಂಡಗೆ ಸಹಿ ಮಾಡತಕ್ಕದ್ದು.

ಮಂಗಳವಾರದವರೆಗೆ ತಮ್ಮ ವಿಶ್ವಾಸಿಯಾಗಿದ್ದ,
ಕಿರಿಯ ತಂತ್ರಜ್ಞೆ

ಲಗತ್ತುಗಳು:
೧. ಗಾಜಿನ ತಟ್ಟೆಗಳು, ಎರಡು. ಈ ಸಲವಾದರೂ ನೋಡುವುದು.
೨. "ಬಗೆ" ಎಂಬ ಕಾಲಮನ್ನು ಸ್ಕೇಲಿಟ್ಟು ಗೆರೆ ಎಳೆದು ಸೇರಿಸಿದ ನಮೂನೆ. ಒಂದು ನಿಮಿಷ ಹಿಡಿಯಿತು.
೩. ಸದರಿ ಹಿತ್ತಲಿನ ಮಣ್ಣು, ಒಂದು ಡಬ್ಬಿ, ತಮ್ಮ ಮೊಮ್ಮಕ್ಕಳಿಗೆ ಆಡಲು.

ಕೊನೆಯ ಕೋರಿಕೆ: ಮೇಲಿನ ಯಾವುದೂ ಸಾಧ್ಯವಾಗದಿದ್ದಲ್ಲಿ, ಸೋಮವಾರ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಬೇಕು. ಕಾರಣ: ಶಿಶುವಿಹಾರದ ಗೇಟಿನ ಮುಂದೆ ನಿಂತು, ಬರುವ ಒಬ್ಬೊಬ್ಬ ತಾಯಿಗೂ ಈ ಅರ್ಜಿಯನ್ನು ಓದಿ ಹೇಳುವುದಿದೆ.