ಒಪ್ಪಿಕೊಂಡು ಮರೆತ ಪ್ರಾರ್ಥನೆ

ಕೆಲವರಿಗೆ ದೇವರು ಹಾಡುವ ಕಂಠ ಕೊಡುತ್ತಾನೆ, ಕೆಲವರಿಗೆ ಮೀನುಸಾರಿನ ಕೈಗುಣ ಕೊಡುತ್ತಾನೆ. ನನಗೆ ಕೊಟ್ಟದ್ದು ಪ್ರಾರ್ಥನೆ ಮಾಡುವ ಗಂಟಲು. ಜಂಬದ ಮಾತಲ್ಲ, ಗ್ರಾಂಟ್ ರೋಡಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಮನೆಕೂಟಗಳಲ್ಲಿ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ‘ಯಾರಾದರೂ ಒಬ್ಬರು ಪ್ರಾರ್ಥನೆ ಮಾಡಲಿ’ ಎಂದ ಕೂಡಲೇ ಹೆಂಗಸರು ಸೆರಗನ್ನು ತಲೆಗೆಳೆದುಕೊಳ್ಳುತ್ತಾರೆ, ಗಂಡಸರು ನೆಲ ನೋಡುತ್ತಾರೆ, ಆಮೇಲೆ ಎಲ್ಲರೂ ನನ್ನ ಕಡೆಗೆ ತಿರುಗುತ್ತಾರೆ. ನಾನು ಲೋಕದ ಅಧಿಕಾರಿಗಳಿಂದ ಆರಂಭಿಸಿ ವಿಧವೆಯರು, ಅನಾಥರು, ಆಸ್ಪತ್ರೆಯಲ್ಲಿರುವವರು, ಪ್ರಯಾಣದಲ್ಲಿರುವವರು, ಪರೀಕ್ಷೆ ಬರೆಯುವ ಮಕ್ಕಳು ಎಂದು ಎಲ್ಲರನ್ನೂ ಮುಟ್ಟಿ ವಾಪಸು ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಚಹಾ ಎರಡು ಸಲ ಕುದಿದಿರುತ್ತದೆ. ನನ್ನ ಹೆಂಡತಿ ಸುಗುಣ ಮಾತ್ರ ಒಮ್ಮೆ, ‘ನೀವು ದೇವರ ಹತ್ತಿರ ಮಾತಾಡುವುದೋ, ದೇವರನ್ನು ಕೂರಿಸಿ ಭಾಷಣ ಮಾಡುವುದೋ?’ ಎಂದು ಕೇಳಿದ್ದಳು. ಕಂಠವಿಲ್ಲದವರಿಗೆ ಹೊಟ್ಟೆಕಿಚ್ಚು ಸಹಜವೆಂದುಕೊಂಡೆ.

ಹೀಗೆ ಅರುವತ್ತೊಂದು ವರ್ಷ ನಿಶ್ಚಿಂತೆಯಿಂದಿದ್ದ ನನ್ನನ್ನು ಕೆಡಿಸಿದವನು ಮೊನ್ನೆ ಆದಿತ್ಯವಾರ ಉಪದೇಶ ಕೊಡಲು ಪುಣೆಯಿಂದ ಬಂದ ಒಬ್ಬ ಎಳೆಯ ಪ್ರಸಂಗಿ. ಬರುವ ಆದಿತ್ಯವಾರ ಪವಿತ್ರ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಅದಕ್ಕೆ ಮೊದಲು ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ನಾನು ಆ ಪರೀಕ್ಷೆಯನ್ನು ಸಾಮಾನ್ಯವಾಗಿ ದೇವಾಲಯದ ಮೆಟ್ಟಿಲು ಹತ್ತುವಾಗ ಮುಗಿಸಿಬಿಡುತ್ತೇನೆ. ಏಳು ಮೆಟ್ಟಿಲು ಸಾಕಾಗುತ್ತದೆ. ಈ ಹುಡುಗ ಹನ್ನೆರಡು ಪ್ರಶ್ನೆಗಳ ಕಾಗದವನ್ನೇ ಅಚ್ಚು ಹಾಕಿಸಿಕೊಂಡು ಬಂದಿದ್ದ. ಮೇಲ್ಗಡೆ ದಪ್ಪಕ್ಷರದಲ್ಲಿ ‘ನನ್ನ ನಂಬಿಕೆ ನಿಜವೋ, ರೂಢಿಯೋ?’ ಎಂದಿತ್ತು. ಕೈಗೆ ಕೊಡುವಾಗ, ‘ಅಂಕಲ್, ಮಾರ್ಕ್ಸ್ ನೀವೇ ಹಾಕ್ಕೊಳ್ಳಿ, ನಾವು ಯಾರೂ ನೋಡಲ್ಲ’ ಎಂದ. ನನ್ನ ಪೇಪರನ್ನು ನಾನೇ ತಿದ್ದುವ ಭಾಗ್ಯ ಶಾಲೆಯಲ್ಲಿ ಸಿಕ್ಕಿದ್ದರೆ ಇವತ್ತು ಎಲ್ಲಿರುತ್ತಿದ್ದೆನೋ! ಹಾಗೆ ನೋಡಿದರೆ ಇದಕ್ಕೆ ಮೊದಲು ಒಮ್ಮೆ, ಉಡುಪಿಯಲ್ಲಿ ಸಭೆಯ ಪೂರ್ಣ ಸದಸ್ಯನಾಗುವ ಮೊದಲು ದೃಢೀಕರಣದ ಪಾಠಕ್ಕೆ ಹೋಗುತ್ತಿದ್ದಾಗ, ನನ್ನ ನಂಬಿಕೆಯ ಪರೀಕ್ಷೆಯಾಗಿತ್ತು. ‘ನೀನು ದೇವರನ್ನು ಯಾಕೆ ನಂಬುತ್ತೀ?’ ಎಂದು ಆಗಿನ ಅಯ್ಯನವರು ಕೇಳಿದ್ದಕ್ಕೆ, ‘ಇಲ್ಲದಿದ್ದರೆ ಅಪ್ಪ ಹೊಡೆಯುತ್ತಾರೆ’ ಎಂದಿದ್ದೆ. ಆ ಪರೀಕ್ಷೆಯಲ್ಲಿ ನಾನು ಕೊಟ್ಟ ಪ್ರಾಮಾಣಿಕ ಉತ್ತರ ಅದೊಂದೇ. ಉಳಿದದ್ದೆಲ್ಲ ಬಾಯಿಪಾಠ, ಅದಕ್ಕೇ ಪೂರ್ತಿ ಅಂಕ ಬಂತು.

ಕಾಂದಿವಲಿಗೆ ಮರಳುವ ಲೋಕಲ್‌ನಲ್ಲಿ ಕೂತು ಪೆನ್ನು ತೆಗೆದೆ. ಹಳಿ ರಿಪೇರಿಯ ಆದಿತ್ಯವಾರದ ಮೆಗಾ ಬ್ಲಾಕ್. ಗಾಡಿ ದಾದರ್ ದಾಟಿ ಸುಮ್ಮನೆ ನಿಂತುಬಿಟ್ಟಿತ್ತು. ದಿನಾ ಬೈಬಲ್ ಓದುತ್ತೀರಾ? ಹೌದು. ಕಾಣಿಕೆ ಕೊಡುತ್ತೀರಾ? ಹೌದು. ಶತ್ರುವನ್ನು ಕ್ಷಮಿಸಿದ್ದೀರಾ? ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿಯ ಮುಖ ಕಣ್ಣ ಮುಂದೆ ಬಂತು. ಆದರೂ ‘ಬಹುಮಟ್ಟಿಗೆ’ ಎಂದು ಬರೆದೆ. ಪಕ್ಕದಲ್ಲಿ ಕೂತು ಬಹಳ ಹೊತ್ತಿನಿಂದ ಇಣುಕಿ ನೋಡುತ್ತಿದ್ದವನು, ‘ಇನ್ಶೂರೆನ್ಸ್ ಕಾ ಫಾರ್ಮ್ ಹೈ ಕ್ಯಾ?’ ಎಂದು ಕೇಳಿದ. ಒಂದು ಲೆಕ್ಕದಲ್ಲಿ ಹೌದು ಎನಿಸಿ ತಲೆಯಾಡಿಸಿದೆ. ಗಾಡಿ ಮತ್ತೆ ಹೊರಡುವಷ್ಟರಲ್ಲಿ ನಾನು ಹನ್ನೆರಡಕ್ಕೆ ಹನ್ನೊಂದೂವರೆ ಅಂಕ ಪಡೆದಿದ್ದೆ. ಪೂರ್ತಿ ಹನ್ನೆರಡು ಹಾಕಿಕೊಂಡರೆ ವಿನಯ ಕಡಿಮೆಯಾದೀತೆಂದು ಅರ್ಧ ಕಳೆದದ್ದು.

ಊಟವಾದ ಮೇಲೆ ಸುಗುಣ ಕನ್ನಡಕ ಹಾಕಿಕೊಂಡು ಆ ಕಾಗದವನ್ನು ಕೈಗೆತ್ತಿಕೊಂಡಳು. ಒಂಬತ್ತನೆಯ ಪ್ರಶ್ನೆಯ ಮೇಲೆ ಅವಳ ಬೆರಳು ನಿಂತಿತು. ‘ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದು ಇತ್ತೀಚೆಗೆ ಯಾರಿಗೆ ಮಾತು ಕೊಟ್ಟಿರಿ? ಪ್ರಾರ್ಥಿಸಿದಿರಾ?’ ನಾನು ಅದರ ಮುಂದೆ ದೊಡ್ಡದಾಗಿ ‘ಹಲವರಿಗೆ, ಹೌದು’ ಎಂದು ಬರೆದಿದ್ದೆ. ‘ಹಲವರು ಅಂದರೆ ಯಾರು?’ ಎಂದು ಕೇಳಿದಳು. ಸತ್ಯ ಹೇಳುತ್ತೇನೆ, ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಯಾರು ಏನು ಕಷ್ಟ ಹೇಳಿಕೊಂಡರೂ ನಾನು ತಕ್ಷಣ ಕೈಮುಗಿದ ಚಿತ್ರವೊಂದನ್ನು ಒತ್ತುತ್ತೇನೆ. ಒತ್ತಿದ ಮೇಲೆ ಆ ಕೆಲಸ ಆಯಿತೆಂದು ನನ್ನ ಮನಸ್ಸಿಗೆ ಗಟ್ಟಿಯಾಗಿ ಅನಿಸಿಬಿಡುತ್ತದೆ. ಒಮ್ಮೆ ಯಾರೋ ಹಳೆಯ ಸೋಫಾ ಮಾರಾಟಕ್ಕಿದೆ ಎಂದು ಹಾಕಿದ್ದಕ್ಕೂ ಕೈಮುಗಿದಿದ್ದೆ. ಇದನ್ನೆಲ್ಲ ಸುಗುಣಳಿಗೆ ವಿವರಿಸುವುದು ಹೇಗೆಂದು ಯೋಚಿಸುತ್ತಿರುವಾಗ ಬಾಗಿಲ ಗಂಟೆ ಬಡಿಯಿತು.

ಬಂದವರು ಪಕ್ಕದ ಮನೆಯ ವಾಸುದೇವಣ್ಣ. ಅವರೂ ನಮ್ಮ ಉಡುಪಿ ಕಡೆಯವರೇ, ಮಾಟುಂಗದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಕೈಯಲ್ಲಿ ಬಾಳೆಹಣ್ಣಿನ ಹಲ್ವದ ಪೊಟ್ಟಣವಿತ್ತು. ಅವರನ್ನು ಕಂಡದ್ದೇ ನನಗೆ ಮರೆತದ್ದೆಲ್ಲ ನೆನಪಾಯಿತು. ಹತ್ತು ದಿನದ ಹಿಂದೆ ಲಿಫ್ಟಿನಲ್ಲಿ ಸಿಕ್ಕಿ, ಹೆಂಡತಿಯ ಕುತ್ತಿಗೆಯಲ್ಲಿ ಗಡ್ಡೆಯಾಗಿದೆ, ಗುರುವಾರ ಹನ್ನೊಂದು ಗಂಟೆಗೆ ಆಪರೇಶನ್, ಒಂದು ಪ್ರಾರ್ಥನೆ ಮಾಡಿ ಎಂದು ನನ್ನ ಕೈ ಹಿಡಿದು ಹೇಳಿದ್ದರು. ‘ಅದನ್ನು ನೀವು ಹೇಳಬೇಕೇ?’ ಎಂದಿದ್ದೆ. ಲಿಫ್ಟು ನೆಲ ಮುಟ್ಟಿತು, ವಿಷಯ ತಲೆಯಿಂದ ಹಾರಿಹೋಯಿತು.

‘ಆಪರೇಶನ್ ಚಂದ ಆಯ್ತು ಎಡ್ವಿನಣ್ಣ, ನಿನ್ನೆ ಮನೆಗೆ ಕರ್ಕೊಂಡು ಬಂದೆ’ ಎಂದರು ವಾಸುದೇವಣ್ಣ. ‘ಅವಳನ್ನು ಒಳಗೆ ಕೊಂಡುಹೋಗುವಾಗ ನನ್ನ ಕೈಕಾಲು ಥರಥರ ನಡುಗ್ತಿತ್ತು ಮಾರಾಯ್ರೆ. ಗಡಿಯಾರ ನೋಡಿದೆ, ಹನ್ನೊಂದು. ಈಗ ನಮ್ಮ ಎಡ್ವಿನಣ್ಣ ಮೊಣಕಾಲೂರಿರ್ತಾರೆ ಅಂತ ಗ್ರಹಿಸಿದೆ ನೋಡಿ, ನಡುಕವೇ ನಿಂತಿತು. ಇನ್ನು ಗಡ್ಡೆಯ ರಿಪೋರ್ಟ್ ಬುಧವಾರ ಬರ್ಬೇಕು. ಅದು ಒಳ್ಳೇದೋ ಕೆಟ್ಟದ್ದೋ, ಡಾಕ್ಟರು ಬಾಯಿಯೇ ಬಿಡುದಿಲ್ಲ. ಅದೂ ನಿಮ್ಮ ಮೇಲೆಯೇ ಉಂಟು.’

ಗುರುವಾರ ಹನ್ನೊಂದು ಗಂಟೆಗೆ ನಾನೆಲ್ಲಿದ್ದೆನೆಂಬುದು ನನಗೆ ಚೆನ್ನಾಗಿ ನೆನಪಿತ್ತು. ಸ್ಟೇಷನ್ ಹತ್ತಿರದ ಮಾರ್ಕೆಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡುತ್ತಿದ್ದೆ. ಎಷ್ಟು ಹೊತ್ತು ನೋಡಿದೆನೆಂದರೆ ಮೀನಿನವಳು ಸಿಟ್ಟಾಗಿ, ‘ಕಾಕಾ, ಮಾಸಾ ಆಹೇ, ಪೇಶಂಟ್ ನಾಹಿ!’ ಎಂದಿದ್ದಳು. ಮೀನು ಸ್ವಾಮಿ ಇದು, ರೋಗಿಯಲ್ಲ. ಅದೇ ಹೊತ್ತಿಗೆ ನಿಜವಾದ ರೋಗಿ ಮೇಜಿನ ಮೇಲೆ ಮಲಗಿದ್ದರು. ಆದರೂ ಹಲ್ವದ ಎರಡು ತುಂಡು ತಿಂದೆ. ವಾಸುದೇವಣ್ಣ ಎದುರಿಗೇ ಕೂತಿದ್ದರಲ್ಲ.

ಅವರು ಹೋದ ಮೇಲೆ, ನನ್ನ ಮುಖದಲ್ಲೇ ವಿಷಯ ತಿಳಿದುಕೊಂಡ ಸುಗುಣ ಒಂಬತ್ತನೆಯ ಉತ್ತರಕ್ಕೆ ಅಡ್ಡಗೆರೆ ಎಳೆದಳು. ‘ಈಗ ನಿಜ ಹೇಳಿದರೆ ಪಾಪ, ಅವರ ಧೈರ್ಯ ಕೆಡುತ್ತದೆ’ ಎಂದು ನಾನು ವಾದ ಹೂಡಿದೆ. ‘ಕೆಡುವುದು ಅವರ ಧೈರ್ಯವೋ, ನಿಮ್ಮ ಹೆಸರೋ?’ ಎಂದು ಕೇಳಿದಳು. ನಾನು ಕೋಣೆಗೆ ಹೋಗಿ, ಬಡ್ಡಿ ಸಮೇತ ಪ್ರಾರ್ಥಿಸಿಬಿಡುತ್ತೇನೆಂದು ಮೊಣಕಾಲೂರಿದೆ. ರೂಢಿಯಂತೆ ಲೋಕದ ಅಧಿಕಾರಿಗಳಿಂದಲೇ ಹೊರಟಿತು. ವಿಧವೆಯರೂ ಅನಾಥರೂ ಮುಗಿದು ಆಸ್ಪತ್ರೆಗೆ ಬಂದಾಗ ಗಾಡಿ ನಿಂತಿತು. ವಾಸುದೇವಣ್ಣನ ಹೆಂಡತಿಯ ಹೆಸರು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ. ಅವರು ಕೊಟ್ಟ ಪತ್ರೊಡೆ ತಿಂದಿದ್ದೇನೆ, ತಟ್ಟೆ ವಾಪಸು ಕೊಟ್ಟಿದ್ದೇನೆ, ಹೆಸರು ಮಾತ್ರ ಕೇಳಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಹೊರಗೆ ಬಂದು ಸುಗುಣಳನ್ನು ಕೇಳಿದರೆ, ‘ಗೊತ್ತುಂಟು, ಹೇಳುವುದಿಲ್ಲ. ಹೋಗಿ ಅವರನ್ನೇ ಕೇಳಿ’ ಎಂದಳು.

ಸಂಜೆ ಹೋದೆ. ಬಾಗಿಲಲ್ಲೇ ನಿಂತು, ಪೀಠಿಕೆ ಹಾಕಿದರೆ ತಪ್ಪಿಸಿಕೊಳ್ಳುತ್ತೇನೆಂದು ಗೊತ್ತಿದ್ದರಿಂದ ಒಂದೇ ಉಸಿರಿಗೆ ಹೇಳಿದೆ: ‘ವಾಸುದೇವಣ್ಣ, ಗುರುವಾರ ನಾನು ಪ್ರಾರ್ಥನೆ ಮಾಡಲಿಲ್ಲ. ಮರೆತೇಹೋಗಿತ್ತು. ಹನ್ನೊಂದು ಗಂಟೆಗೆ ಮೀನು ಮಾರ್ಕೆಟಿನಲ್ಲಿದ್ದೆ.’ ಕೂತ ಕುರ್ಚಿಯನ್ನು ಯಾರೋ ಎಳೆದುಕೊಂಡ ಹಾಗಾಯಿತು ಅವರ ಮುಖ. ಆಮೇಲೆ, ಏನಾದರೂ ಹೇಳಬೇಕಲ್ಲ ಎಂಬಂತೆ, ‘ಎಂತ ಮೀನು?’ ಎಂದು ಕೇಳಿದರು. ‘ಬಂಗುಡೆ’ ಎಂದೆ. ‘ಹೌದಾ’ ಎಂದರು.

ಒಳಗಿನಿಂದ ಒಡೆದ ದನಿಯೊಂದು ಬಂತು. ‘ಬಂದು ಹೇಳಿದ್ರಲ್ಲ, ಪಾಪ. ಒಳಗೆ ಬರ್ಲಿಕ್ಕೆ ಹೇಳಿ. ಈಗ ಮಾಡ್ಲಿ, ನಾನೂ ಕೇಳ್ತೇನೆ.’ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ವಾಸುದೇವಣ್ಣನ ಹೆಂಡತಿ ದಿವಾನದ ಮೇಲೆ ಕೂತಿದ್ದರು. ‘ಅಕ್ಕ, ನಿಮ್ಮ ಹೆಸರು...’ ಎಂದು ತಡವರಿಸಿದೆ. ‘ಜಲಜ. ಹನ್ನೊಂದು ವರ್ಷ ಆಯ್ತಲ್ಲ ಎಡ್ವಿನಣ್ಣ, ಈಗ ಕೇಳುದಾ?’ ಎಂದು ನಕ್ಕರು. ನಗುವಾಗ ನೋವಾಗಿ ಪಟ್ಟಿಗೆ ಕೈ ಹಿಡಿದರು. ನಾನು ಕಣ್ಣು ಮುಚ್ಚಿದೆ. ಲೋಕದ ಅಧಿಕಾರಿಗಳು ಒಬ್ಬರೂ ನೆರವಿಗೆ ಬರಲಿಲ್ಲ. ‘ದೇವರೇ, ಈ ಜಲಜಕ್ಕನನ್ನು ನೋಡಿಕೋ. ನಮಗೆಲ್ಲ ಹೆದರಿಕೆಯಾಗುತ್ತಿದೆ’ ಎಂದೆ. ಅಷ್ಟಕ್ಕೇ ನಿಂತುಹೋಯಿತು. ವಾಸುದೇವಣ್ಣ ಒಂದು ಕಣ್ಣು ತೆರೆದು, ‘ಇಷ್ಟೇಯಾ? ನಿಮ್ಮ ಮನೆಯಲ್ಲಿ ಕೂಟ ಇದ್ದಾಗ ನಮ್ಮ ಸೀರಿಯಲ್ ಮುಗೀತದೆ, ನಿಮ್ಮ ಪ್ರಾರ್ಥನೆ ಮುಗಿಯುದಿಲ್ಲ. ನಮಗೆ ಮಾತ್ರ ಶಾರ್ಟ್‌ಕಟ್ಟಾ?’ ಎಂದರು. ಜಲಜಕ್ಕ ಕಣ್ಣೊರೆಸಿಕೊಂಡು, ‘ಸಾಕು ಇವರೇ, ಸುಮ್ಮನಿರಿ’ ಎಂದು ಗಂಡನನ್ನು ಗದರಿದರು.

ಇವತ್ತು ಮಂಗಳವಾರ. ನಾಳೆ ನಾಲ್ಕು ಗಂಟೆಗೆ ರಿಪೋರ್ಟ್. ಗಡ್ಡ ಹೆರೆಯುವಾಗ, ಲಿಫ್ಟಿಗೆ ಕಾಯುವಾಗ, ತರಕಾರಿ ಆರಿಸುವಾಗ ಅದೇ ಎರಡು ಮಾತು ಬಾಯಿಗೆ ಬರುತ್ತಿದೆ. ಮೂರನೆಯದು ಸೇರಿಸೋಣವೆಂದರೆ ಹೊಳೆಯುವುದಿಲ್ಲ. ಇದರಲ್ಲಿ ಜಲಜಕ್ಕನ ಮೇಲಿನ ಕಾಳಜಿ ಎಷ್ಟು, ನನ್ನ ತಪ್ಪು ಮುಚ್ಚಿಹೋಗಲಿ ಎಂಬ ಆಸೆ ಎಷ್ಟು ಎಂದು ಬಿಡಿಸಿ ನೋಡಲು ಹೋಗಿ ಸೋತಿದ್ದೇನೆ. ನಂಬಿಕೆ ನಿಜವೋ ರೂಢಿಯೋ ಎಂಬುದೂ ತಿಳಿದಿಲ್ಲ. ಮಧ್ಯಾಹ್ನ ನಾನು ಕಿಟಕಿಯ ಬಳಿ ಗೊಣಗುತ್ತಾ ನಿಂತದ್ದನ್ನು ನೋಡಿ ಸುಗುಣ, ‘ಆಮೆನ್ ಹೇಳಿ ಊಟಕ್ಕೆ ಬನ್ನಿ’ ಎಂದಳು. ಹೇಳಲು ಬಾಯಿ ಬರಲಿಲ್ಲ. ಅರುವತ್ತೊಂದು ವರ್ಷದಲ್ಲಿ ನಾನು ಮಾಡಿದ ಅತಿ ಚಿಕ್ಕ ಪ್ರಾರ್ಥನೆ ಇದು; ಮೂರು ದಿನವಾದರೂ ಇನ್ನೂ ಮುಗಿದಿಲ್ಲ.