ಬೆನ್ನಿಗೆ ಚೀಲ, ಬ್ಯಾಂಕಾಕಿಗೆ ನಾವಿಬ್ರು

ನಮ್ಮೆಜಮಾನ್ರ ಜೊತೆ ಊರು ಬಿಟ್ಟು ಹೊರಟು, ಏನೂ ಆಗದೆ ವಾಪಸ್ಸು ಬಂದದ್ದು ನನಗಂತೂ ನೆನಪಿಲ್ಲ. ಪಕ್ಕದ ಕಂಬದೂರಿಗೆ ಮದುವೆಗೆ ಹೋದವರು ಯಾರದೋ ಮದುವೆಯಲ್ಲಿ ಉಂಡು, ಮುಯ್ಯಿ ಕೊಟ್ಟು, ಫೋಟೋಕ್ಕೂ ನಿಂತು ಬಂದಿದ್ದೇವೆ. ಅಂಥವರು ಬ್ಯಾಂಕಾಕಿಗೆ ಹೋಗೋಣ ಅಂದರು.

ಆಂಧ್ರದ ಗಡಿ ಊರು ಕಲ್ಯಾಣದುರ್ಗದಲ್ಲಿ ಇವರದು ಬೋರ್ ಮೋಟಾರ್ ರಿಪೇರಿ ಅಂಗಡಿ. ಕೈಗೆ ಕೆಲಸ ಇಲ್ಲದಾಗೆಲ್ಲ ಫೋನಿನಲ್ಲಿ ದೇಶ ಸುತ್ತುವವರ ವಿಡಿಯೋ ನೋಡುತ್ತಾರೆ. ಹಿಂದೂಪುರದಲ್ಲಿರುವ ನನ್ನ ತಮ್ಮ, "ಭಾವ, ಒಳ್ಳೆ ಹೋಟ್ಲು ನಾನೇ ಬುಕ್ ಮಾಡ್ಕೊಡ್ತೀನಿ" ಅಂದ.

"ಅವೆಲ್ಲ ಮುದುಕ್ರಿಗೆ ಕಣಪ್ಪ. ಬೆನ್ನಿಗೊಂದು ಚೀಲ, ಕೈಯಾಗೊಂದು ಫೋನು. ನಾವು ಬ್ಯಾಕ್‌ಪ್ಯಾಕರ್ಸು!" ಅಂದರು. ನನಗೆ ಆಗಲೇ ಬೆನ್ನು ನೋಯೋಕೆ ಶುರುವಾಯಿತು.

ಬೂದಿ

ಬ್ಯಾಂಕಾಕ್ ಏರ್‌ಪೋರ್ಟಿನಲ್ಲಿ ಚೀಲ ಬಿಚ್ಚಿಸಿದರು. ಮೇಲೇ ಸಿಕ್ಕಿತು, ನಮ್ಮತ್ತೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ್ದ ವಿಭೂತಿ. ದಾರಿಯಲ್ಲಿ ಗಟ್ಟಿ ಒಡೆದು ಪುಡಿಪುಡಿಯಾಗಿತ್ತು.

"ಇದೇನು?" ಅಂತ ಆಫೀಸರು ಇಂಗ್ಲಿಷಿನಲ್ಲಿ ಕೇಳಿದ.

"ಆಶ್ ಸಾರ್" ಅಂದರು ಇವರು.

ಅವನ ಮುಖ ಸಣ್ಣಗಾಯಿತು. ಎರಡೂ ಕೈ ಜೋಡಿಸಿ, "ಸಾರಿ. ಮನೆಯವರದಾ?" ಅಂದ.

"ಯೆಸ್ ಸಾರ್. ಹೋಲ್ ಫ್ಯಾಮಿಲಿ."

ಆಫೀಸರು ಒಂದು ಹೆಜ್ಜೆ ಹಿಂದೆ ಸರಿದ. "ಎಲ್ಲರೂ? ಯಾವಾಗ?"

"ಡೈಲಿ ಸಾರ್. ಸ್ನಾನ ಆದ್ಮೇಲೆ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅವನು ಗಂಟನ್ನು ತಾನೇ ನಾಜೂಕಾಗಿ ಕಟ್ಟಿ, ತಲೆ ಬಾಗಿಸಿ, ಎರಡು ಕೈಯಲ್ಲಿ ನನಗೇ ಕೊಟ್ಟ. ಹೊರಗೆ ಬಂದ ಮೇಲೆ ಇವರು, "ಎಂಥಾ ದೈವಭಕ್ತಿ ನೋಡೇ ಇವ್ರಿಗೆ!" ಅಂದರು.

ರೂಮು

"ಸಿಟಿ ಮಧ್ಯದಾಗೇ ರೂಮು, ಅದೂ ಇಷ್ಟು ಅಗ್ಗಕ್ಕೆ" ಅಂತ ವಿಮಾನದಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಬಾಗಿಲು ತೆಗೆದು ನೋಡಿದರೆ ಗೋಡೆ ಉದ್ದಕ್ಕೂ ಮೇಲೊಂದು ಕೆಳಗೊಂದು ಮಂಚ. ಪ್ರತಿ ಮಂಚದಿಂದಲೂ ಯಾರದೋ ಬಿಳಿ ಕಾಲು ಆಚೆ ಬಂದಿತ್ತು. ನಾವು ಬುಕ್ ಮಾಡಿದ್ದು ರೂಮನ್ನಲ್ಲ, ಎರಡು ಹಾಸಿಗೆ.

"ಏನ್ರೀ ಇದು, ರೈಲು ಇದ್ದಂಗೈತೆ?"

"ಅಡ್ಜಸ್ಟ್ ಮಾಡ್ಕೊಳೇ. ರೈಲಾಗೆ ಮಲಗಿಲ್ವಾ ನಾವು?"

"ರೈಲಾದ್ರೆ ಬೆಳಗಾಗಾದ್ರಾಗೆ ಇನ್ನೊಂದು ಊರಿಗೆ ಹೋಗಿರ್ತಿತ್ತು" ಅಂದೆ. ಮೇಲಿನ ಮಂಚ ಅವರಿಗೆ ಕೊಟ್ಟೆ. ಹತ್ತಿದರು. ಇಳಿಸೋಕೆ ಮಾತ್ರ ಎರಡು ದೇಶದ ಹುಡುಗರು ಬೇಕಾದರು.

ಊಟ

ನಾವು ಮಾಂಸ, ಮೊಟ್ಟೆ ಮುಟ್ಟದ ಜನ. ರಸ್ತೆ ಬದಿ ಗಾಡಿಯಲ್ಲಿ ಹುರಿಯುತ್ತಿದ್ದ ಹೆಂಗಸಿಗೆ ಅದನ್ನು ಹೇಳೋದು ಹೇಗೆ? ಅವಳಿಗೆ ಇಂಗ್ಲಿಷು ಬರಲ್ಲ, ಇವರಿಗೂ ಬರಲ್ಲ ಅಂತ ಇವರಿಗೆ ಗೊತ್ತಿಲ್ಲ.

"ಇರು, ನಾನು ಹೇಳ್ತೀನಿ" ಅಂತ ಮುಂದೆ ಹೋಗಿ ತೋಳು ಬಡಿದು ಕೋಳಿ ಥರ ಕೂಗಿದರು, "ನೋ" ಅಂತ ಕೈಯಾಡಿಸಿದರು. ಹಂದಿ ಥರ ಗುಟುರು ಹಾಕಿ ಕೈಯಾಡಿಸಿದರು. ಮೀನು ಈಜಿದ್ದಂತೂ ನೋಡಬೇಕಿತ್ತು. ಅಕ್ಕಪಕ್ಕದವರು ಊಟ ಬಿಟ್ಟು ಚಪ್ಪಾಳೆ ಹೊಡೆದರು. ಅವಳು ನಕ್ಕು, ಎಲ್ಲ ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿದಳು.

ಐದು ನಿಮಿಷಕ್ಕೆ ತಟ್ಟೆ ಬಂತು. ಕೋಳಿ, ಹಂದಿ, ಮೀನು, ಅವರು ಕುಣಿದ ಕ್ರಮದಲ್ಲೇ ಜೋಡಿಸಿದ್ದಳು.

ಕೊನೆಗೆ ಬರೀ ಅನ್ನ ಕೊಂಡು, ಊರಿಂದ ತಂದಿದ್ದ ಕಡ್ಲೇಕಾಯಿ ಚಟ್ನಿಪುಡಿ ಕಲಸಿಕೊಂಡೆವು. ಆ ಹೆಂಗಸು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು, ಕಣ್ಣರಳಿಸಿದಳು. ಇವರು ಉಬ್ಬಿಹೋಗಿ, "ಪರ್ವಾಲೇದು, ತೀಸ್ಕೋಮ್ಮಾ!" ಅಂತ ತೆಲುಗಿನಲ್ಲಿ ಹೇಳಿ ಡಬ್ಬಿಯನ್ನೇ ಕೊಟ್ಟುಬಿಟ್ಟರು. ಊರಿಗೆ ಬರುವ ತನಕ ನಮಗೆ ಬರೀ ಅನ್ನ.

ದೋಣಿ

ಅಲ್ಲಿ ಕಾಲುವೆಯಲ್ಲಿ ಸಿಟಿ ಬಸ್ಸಿನ ಹಾಗೆ ದೋಣಿ ಓಡುತ್ತವೆ. ದೋಣಿಯ ಪಕ್ಕಕ್ಕೆ ತಾಡಪಾಲು ಕಟ್ಟಿರುತ್ತಾರೆ. ನೀರು ಎರಚಿದಾಗ ಹಗ್ಗದ ಹತ್ತಿರ ಕೂತವರು ಎಳೆದು ಅದನ್ನು ಮೇಲೆತ್ತಬೇಕು. ಇದು ಎಲ್ಲರಿಗೂ ಗೊತ್ತು. ಹಗ್ಗದ ಹತ್ತಿರ ಕೂತು ವಿಡಿಯೋ ತೆಗೆಯುತ್ತಿದ್ದ ನಮ್ಮೆಜಮಾನ್ರಿಗೆ ಮಾತ್ರ ಗೊತ್ತಿರಲಿಲ್ಲ.

ಎದುರಿಂದ ಇನ್ನೊಂದು ದೋಣಿ ಬಂತು. ಜನ ಇವರ ಕಡೆ ಕೈ ಮಾಡಿ ಕೂಗಿದರು. "ನಮ್ಮನ್ನ ನೋಡಿ ಎಷ್ಟು ಖುಷಿ ಪಡ್ತಾವ್ರೆ ನೋಡೇ!" ಅಂತ ಇವರೂ ಕೈ ಬೀಸಿದರು. ಆಮೇಲೆ ಕಾಲುವೆ ಪೂರಾ ನಮ್ಮ ಸಾಲಿನ ಮೇಲೆ ಬಂದು ಬಿತ್ತು.

ಆ ವಿಡಿಯೋ ಈಗಲೂ ಇದೆ. ನೆಂಟರಿಗೆ ಸೌಂಡು ತೆಗೆದು ತೋರಿಸುತ್ತೇವೆ, ನಾನು ಬೈದದ್ದೆಲ್ಲ ರೆಕಾರ್ಡಾಗಿದೆ.

ಕಳೆದುಹೋದವಳು

ಹೊರಡುವ ಹಿಂದಿನ ದಿನ ಮೆಟ್ರೋ ಹತ್ತಿದೆವು. ನಾನು ಹತ್ತಿದೆ ಅನ್ನಿ; ಇವರು ರೈಲಿನ ಫೋಟೋ ತೆಗೆಯುತ್ತ ನಿಂತರು, ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಇವರ ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ಅಲ್ಲಿನ ಸಿಮ್ಮು ಇದ್ದದ್ದು ಅವರ ಫೋನಿಗೆ ಮಾತ್ರ. ನಾವಿಳಿದಿದ್ದ ಹಾಸ್ಟೆಲಿನ ಹೆಸರು ನನ್ನ ನಾಲಿಗೆಗೆ ಹತ್ತಿರಲಿಲ್ಲ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ ಜನವೋ ಜನ. ಎತ್ತ ನೂಕಿದರೋ ಅತ್ತ ಹೋಗಿ, ಮೇಲಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಳು ನುಂಗಿಕೊಂಡು ಕೂತೆ. ಪಕ್ಕದಲ್ಲಿ ಒಂದಷ್ಟು ಹೆಂಗಸರು ತೆಲುಗಿನಲ್ಲಿ ಹರಟುತ್ತಿದ್ದರು, ವಿಜಯವಾಡ ಕಡೆಯಿಂದ ಟೂರ್ ಬಂದವರು. ಅವರ ಗಂಡಂದಿರು ಕೆಳಗೆ ಅಂಗಡಿ ನೋಡೋಕೆ ಹೋಗಿದ್ದರಂತೆ. ಅವರ ಮಾತು ಕಿವಿಗೆ ಬಿದ್ದು ಸ್ವಲ್ಪ ಧೈರ್ಯ ಬಂತು.

ಅಷ್ಟರಲ್ಲಿ ಮೈಕಿನಲ್ಲಿ, "ಮಿಸ್ಸಿಸ್ ಸಾವಾಮಾಂಕಾಲಾ... ಮಿಸ್ಸಿಸ್ ಸಾವಾಮಾಂಕಾಲಾ..." ಅಂತ ಕೂಗತೊಡಗಿದರು. ಪಾಪ, ಆ ದೇಶದ ಯಾವಳೋ ನನ್ನ ಹಾಗೇ ಕಳೆದುಹೋಗಿದ್ದಾಳೆ ಅಂತ ಮರುಕವಾಯಿತು. ಎಷ್ಟು ಸಲ ಕೂಗಿದರೂ ಬರುತ್ತಿಲ್ಲವಲ್ಲ, ಎಂಥಾ ಪೆದ್ದಿ ಅಂತಲೂ ಅನ್ನಿಸಿತು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಸರ್ವಮಂಗಳ. ಅದು ನಾನೇ ಅಂತ ಹೊಳೆಯಲೇ ಇಲ್ಲ.

ಮೈಕಿನಲ್ಲಿ ಏನೋ ಕಿತ್ತಾಡಿದ ಸದ್ದು. ಆಮೇಲೆ ಗಾಬರಿಗೆ ಕನ್ನಡ ಮರೆತ ಒಂದು ಗಂಟಲು ಸ್ಟೇಷನ್ ಪೂರಾ ಗುಡುಗಿತು:

"ಏಮೇ! ಎಕ್ಕಡುನ್ನಾವೇ? ಕಿಂದಿಕಿ ರಾ!"

ಎಲ್ಲಿದ್ದೀಯೇ, ಕೆಳಗೆ ಬಾ ಅಂತ. ನಾನು ದಿಗ್ಗನೆ ಎದ್ದೆ. ನನ್ನ ಪಕ್ಕದ ಹೆಂಗಸರೂ ಅಷ್ಟೂ ಜನ ದಿಗ್ಗನೆ ಎದ್ದು, "ವಸ್ತುನ್ನಾನಂಡೀ!" ಅಂತ, ಬಂದೆ ಕಣ್ರೀ ಅಂತ, ಒಂದೇ ದನಿಯಲ್ಲಿ ಕೂಗಿ, ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು. ನಾನು ಅವರ ಮಧ್ಯೆ ಸಿಕ್ಕಿಕೊಂಡು ಹೋದೆ.

ಕೆಳಗೆ ಕೌಂಟರಿನಲ್ಲಿ, ಮುಂದಿನ ರೈಲು ಹಿಡಿದು ಬಂದಿದ್ದ ಇವರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು. ಸ್ಟೇಷನ್ನಿನ ಹುಡುಗಿ ನಮ್ಮನ್ನೆಲ್ಲ ಒಂದು ಸಲ ನೋಡಿ, ಇವರನ್ನು ಒಂದು ಸಲ ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಸಾರ್, ಇವರಲ್ಲಿ ನಿಮ್ಮ ಹೆಂಡತಿ ಯಾರು? ಎಲ್ಲರೂನಾ?"

ನಮ್ಮೆಜಮಾನ್ರು ಕಣ್ಣೊರೆಸಿಕೊಂಡು ಒಂದು ಗಳಿಗೆ ಯೋಚನೆ ಮಾಡಿದರು.

ಆ ಒಂದು ಗಳಿಗೆ ಏನು ಯೋಚನೆ ಮಾಡಿದಿರಿ ಅಂತ ಇವತ್ತಿಗೂ ಕೇಳುತ್ತಿದ್ದೇನೆ. ಇವತ್ತಿಗೂ ಅವರಿಗೆ ಅರ್ಜೆಂಟಾಗಿ ಯಾವುದೋ ಮೋಟಾರು ನೆನಪಾಗುತ್ತದೆ.